ಗಡ್ಡೆಯೊಳಗಿನ ರಕ್ಷಕ ಕೋಶಗಳು: ವರದಿಯಲ್ಲಿರುವ ಶೇ. 60 ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪ್ರಶ್ನೆ: ನನಗೆ 43 ವರ್ಷ. ಎಡಸ್ತನದಲ್ಲಿ 2.8 ಸೆಂ.ಮೀ. ಗಾತ್ರದ ಗಡ್ಡೆಯಿದ್ದು, ಅದು ಟ್ರಿಪಲ್ ನೆಗೆಟಿವ್ ಮಾದರಿಯ (ಎರಡು ಬಗೆಯ ಹಾರ್ಮೋನ್ ಗ್ರಾಹಕಗಳೂ ಹರ್-2 ಎಂಬ ಪ್ರೋಟೀನಿನ ಹೆಚ್ಚಳವೂ ಇಲ್ಲದ) ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಖಚಿತವಾಗಿದೆ. ಕಂಕುಳಿನ ಒಂದು ದುಗ್ಧಗ್ರಂಥಿಯಲ್ಲೂ ಕ್ಯಾನ್ಸರ್ ಕೋಶಗಳು ಸಿಕ್ಕಿವೆ. ದೇಹದ ಬೇರೆಲ್ಲೂ ಹರಡಿಲ್ಲ. ವರದಿಯ ಕೊನೆಯಲ್ಲಿ ‘ಸ್ಟ್ರೋಮಲ್ ಟಿಐಎಲ್ ಶೇ. 60’ ಎಂದು ಬರೆದಿದೆ. ಇದು ಗಡ್ಡೆಯೊಳಗೆ ಸೇರಿರುವ ಬಿಳಿ ರಕ್ತಕೋಶಗಳ ಪ್ರಮಾಣ, ಒಳ್ಳೆಯ ಲಕ್ಷಣ ಎಂದು ವೈದ್ಯರು ಹೇಳಿದರು. ಅಷ್ಟು ರಕ್ಷಕ ಕೋಶಗಳು ಒಳಗಿದ್ದೂ ಗಡ್ಡೆ ಬೆಳೆದಿದೆಯೆಂದರೆ ನನ್ನ ರೋಗನಿರೋಧಕ ಶಕ್ತಿ ಸೋತಿದೆ ಎಂದಲ್ಲವೇ? ನನ್ನ ಚಿಕ್ಕಮ್ಮನಿಗೆ ಆರು ವರ್ಷಗಳ ಹಿಂದೆ ಹಾರ್ಮೋನ್ ಪಾಸಿಟಿವ್ ಸ್ತನ ಕ್ಯಾನ್ಸರ್ ಆಗಿತ್ತು. ಅವರ ವರದಿಯಲ್ಲಿ ಇದೇ ಅಂಕಿ ಶೇ. 5 ಇತ್ತು, ಅವರು ಈಗ ಆರೋಗ್ಯವಾಗಿದ್ದಾರೆ. ನನಗೆ ಕೀಮೊ ಮತ್ತು ಇಮ್ಯುನೋಥೆರಪಿ ಎರಡನ್ನೂ ಸೂಚಿಸಿದ್ದಾರೆ. ಕೀಮೊ ಬಿಳಿ ರಕ್ತಕೋಶಗಳನ್ನು ಕೊಲ್ಲುತ್ತದೆ ಎಂದು ಕೇಳಿದ್ದೇನೆ. ಹಾಗಾದರೆ ನನ್ನ ಪರವಾಗಿರುವ ಕೋಶಗಳನ್ನೇ ಕಳೆದುಕೊಂಡಂತಾಗುವುದಿಲ್ಲವೇ? ಇಮ್ಯುನೋಥೆರಪಿ ಮಾತ್ರ ಸಾಲದೇ? ಮನೆಯವರು ರೋಗನಿರೋಧಕ ಶಕ್ತಿ ಹೆಚ್ಚಿಸುವ ಮಾತ್ರೆ, ಪುಡಿಗಳನ್ನು ತಂದಿಟ್ಟಿದ್ದಾರೆ. ಹಲವು ವರ್ಷಗಳಿಂದ ಹೈಪೋಥೈರಾಯ್ಡ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇಮ್ಯುನೋಥೆರಪಿಯಿಂದ ನನಗೆ ಅಪಾಯವಿದೆಯೇ?

ಉತ್ತರ: ದೇಹದ ರಕ್ಷಕ ಕೋಶಗಳು ಗಡ್ಡೆಯೊಳಗೆ ಇದ್ದೂ ಅದು ಬೆಳೆದಿದ್ದರೆ ಅವುಗಳಿಂದ ಪ್ರಯೋಜನವೇನು, ಈಗ ಚಿಕಿತ್ಸೆಯಲ್ಲಿ ಅವುಗಳನ್ನೂ ಕಳೆದುಕೊಂಡರೆ ಗತಿಯೇನು ಎಂಬುದು ನಿಮ್ಮ ಆತಂಕ. ಇದೇ ಮಾತನ್ನು ಇತ್ತೀಚಿನ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ಹಿಂದೆ ವರದಿಗಳಲ್ಲಿ ಇರದಿದ್ದ ಈ ಅಂಕಿ ಈಗ ರೋಗಿಯ ಕೈಗೆ ಬರುತ್ತಿದೆ. ಅದರ ಅರ್ಥವನ್ನು ಬಿಡಿಸಿ ಹೇಳುವಷ್ಟು ಹೊತ್ತು ಮಾತ್ರ ವೈದ್ಯರಿಗೆ ಸಿಗುತ್ತಿಲ್ಲ. ಆದ್ದರಿಂದ ಮೊದಲು ನಿಮ್ಮ ಮುಖ್ಯ ಭಯಕ್ಕೆ ನೇರವಾಗಿ ಉತ್ತರಿಸುತ್ತೇನೆ. ನಿಮ್ಮ ರೋಗನಿರೋಧಕ ವ್ಯವಸ್ಥೆ ಕೈಚೆಲ್ಲಿ ಕುಳಿತಿಲ್ಲ. ಅದು ಗಡ್ಡೆಯನ್ನು ಗುರುತಿಸಿ ಅಲ್ಲಿಗೆ ಬಂದಿದೆ ಎಂಬುದಕ್ಕೆ ಆ ಶೇ. 60 ಸಾಕ್ಷಿ. ಆದರೆ ಅಲ್ಲಿಗೆ ಬಂದಿರುವ ಕೋಶಗಳೆಲ್ಲ ಒಂದೇ ಬಗೆಯವಲ್ಲ, ಬಂದವೆಲ್ಲ ಕೆಲಸ ಮಾಡುತ್ತಲೂ ಇಲ್ಲ.

ಆ ಅಂಕಿ ಹೇಗೆ ಬರುತ್ತದೆ ಎಂಬುದು ಗೊತ್ತಾದರೆ ಅದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದೂ ಗೊತ್ತಾಗುತ್ತದೆ. ಬಯಾಪ್ಸಿಯ ತೆಳುವಾದ ಪದರಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕ್ಯಾನ್ಸರ್ ಕೋಶಗಳ ಗುಂಪುಗಳೂ, ಅವುಗಳ ನಡುವೆ ನಾರು ಮತ್ತು ರಕ್ತನಾಳಗಳಿಂದ ಕೂಡಿದ ಆಧಾರ ಅಂಗಾಂಶವೂ ಕಾಣುತ್ತವೆ. ಈ ಆಧಾರ ಅಂಗಾಂಶವನ್ನು ಸ್ಟ್ರೋಮಾ ಎನ್ನುತ್ತಾರೆ. ಸ್ಟ್ರೋಮಾದ ವಿಸ್ತೀರ್ಣದಲ್ಲಿ ಎಷ್ಟು ಭಾಗವನ್ನು ಲಿಂಫೋಸೈಟ್‌ಗಳು ಮತ್ತು ಪ್ಲಾಸ್ಮಾ ಕೋಶಗಳು ಎಂಬ ರಕ್ಷಕ ಕೋಶಗಳು ಆವರಿಸಿವೆ ಎಂಬುದನ್ನು ಪೆಥಾಲಜಿಸ್ಟ್ ಅಂದಾಜು ಮಾಡಿ ಶೇಕಡಾವಾರು ಬರೆಯುತ್ತಾರೆ. ಗಡ್ಡೆಯ ಶೇ. 60 ಭಾಗ ರಕ್ಷಕ ಕೋಶಗಳೇ ಎಂದಾಗಲಿ, ನಿಮ್ಮ ರಕ್ತದಲ್ಲಿ ಬಿಳಿ ರಕ್ತಕೋಶಗಳು ಹೆಚ್ಚಾಗಿವೆ ಎಂದಾಗಲಿ ಇದರ ಅರ್ಥವಲ್ಲ. ಈ ಅಳತೆಯನ್ನು ಎಲ್ಲ ಕಡೆ ಒಂದೇ ರೀತಿ ಮಾಡಬೇಕೆಂದು ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2014ರಲ್ಲಿ ಶಿಫಾರಸುಗಳನ್ನು ಹೊರತಂದಿತು. ಹಾಗಿದ್ದರೂ ಇದು ಕಣ್ಣಂದಾಜಿನ ಅಳತೆಯೇ; ಒಬ್ಬ ಪೆಥಾಲಜಿಸ್ಟ್ 60 ಎಂದದ್ದನ್ನು ಮತ್ತೊಬ್ಬರು 50 ಎಂದೋ 70 ಎಂದೋ ಬರೆಯಬಹುದು. ಸೂಜಿಯಲ್ಲಿ ತೆಗೆದ ತುಣುಕು ಇಡೀ ಗಡ್ಡೆಯ ಒಂದು ಸಣ್ಣ ಭಾಗ ಮಾತ್ರ. ಆದ್ದರಿಂದ ‘60’ ಎಂಬುದನ್ನು ‘ಹೆಚ್ಚು’ ಎಂದು ಓದಿಕೊಳ್ಳಿ, ಅದಕ್ಕಿಂತ ಸೂಕ್ಷ್ಮವಾಗಿ ಓದಬೇಡಿ.

ಕ್ಯಾನ್ಸರ್ ಬರುವುದೇ ರೋಗನಿರೋಧಕ ಶಕ್ತಿ ಕುಂದಿದ್ದರಿಂದ ಎಂಬ ನಂಬಿಕೆ ಬಹಳ ವ್ಯಾಪಕವಾಗಿದೆ. ರೋಗ ಬಂದವರಲ್ಲಿ ಅದು ಅನಗತ್ಯವಾದ ಅಪರಾಧ ಭಾವವನ್ನೂ ಹುಟ್ಟಿಸುತ್ತದೆ. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ, ಸರಿಯಾಗಿ ನಿದ್ರಿಸಲಿಲ್ಲ, ಅದಕ್ಕೇ ಹೀಗಾಯಿತು ಎಂದು ಹಲುಬುವ ಮಹಿಳೆಯರನ್ನು ನಾನು ಬಹಳ ನೋಡಿದ್ದೇನೆ. ಸ್ತನ ಕ್ಯಾನ್ಸರ್ ಮಟ್ಟಿಗೆ ಈ ನಂಬಿಕೆಗೆ ಆಧಾರವಿಲ್ಲ. ಅಂಗಾಂಗ ಕಸಿ ಮಾಡಿಸಿಕೊಂಡವರು ವರ್ಷಗಟ್ಟಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ತೆಗೆದುಕೊಳ್ಳುತ್ತಾರೆ. ಅವರಲ್ಲಿ ಲಿಂಫೋಮಾ, ಕೆಲವು ಬಗೆಯ ಚರ್ಮದ ಕ್ಯಾನ್ಸರ್ ಮತ್ತು ವೈರಸ್‌ಗಳಿಂದ ಉಂಟಾಗುವ ಕ್ಯಾನ್ಸರ್‌ಗಳು ನಿಶ್ಚಿತವಾಗಿ ಹೆಚ್ಚು. ಸ್ತನ ಕ್ಯಾನ್ಸರ್ ಮಾತ್ರ ಇತರರಿಗಿಂತ ಹೆಚ್ಚಾಗಿ ಕಂಡುಬಂದಿಲ್ಲ. ರಕ್ಷಣೆ ಕುಂದಿದ್ದೇ ಈ ರೋಗದ ಮೂಲವಾಗಿದ್ದರೆ ಅಂಥವರಲ್ಲಿ ಅದು ಎದ್ದು ಕಾಣಬೇಕಿತ್ತು.

ಹಾಗಾದರೆ ರಕ್ಷಣೆ ಸರಿಯಿದ್ದೂ ಗಡ್ಡೆ ಬೆಳೆಯುವುದು ಹೇಗೆ? ಕ್ಯಾನ್ಸರ್ ಕೋಶ ಹೊರಗಿನಿಂದ ಬಂದ ಸೂಕ್ಷ್ಮಾಣುವಲ್ಲ, ನಮ್ಮದೇ ಕೋಶ. ಅದರ ವಂಶವಾಹಿಗಳಲ್ಲಿ ಬದಲಾವಣೆಗಳು ಕೂಡುತ್ತಾ ಹೋದಂತೆ ಕೆಲವು ಅಪರಿಚಿತ ಪ್ರೋಟೀನ್ ತುಣುಕುಗಳು ಅದರ ಮೇಲ್ಮೈಯಲ್ಲಿ ಕಾಣಿಸಿಕೊಳ್ಳುತ್ತವೆ. ಡೆಂಡ್ರಿಟಿಕ್ ಕೋಶಗಳು ಆ ತುಣುಕುಗಳನ್ನು ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳೆಂಬ ಲಿಂಫೋಸೈಟ್‌ಗಳಿಗೆ ತೋರಿಸುತ್ತವೆ. ಅಲ್ಲಿ ಸಿದ್ಧಗೊಂಡ ಟಿ ಕೋಶಗಳು ರಕ್ತದ ಮೂಲಕ ಗಡ್ಡೆಗೆ ಮರಳುತ್ತವೆ. ಅವುಗಳಲ್ಲಿ ಸಿಡಿ8 ಎಂಬ ಗುರುತಿರುವ ಕೋಶಗಳು ಗುರಿಯ ಕೋಶದ ಪೊರೆಯಲ್ಲಿ ರಂಧ್ರ ಮಾಡುವ ಪ್ರೋಟೀನನ್ನೂ, ಅದನ್ನು ಒಳಗಿನಿಂದ ಸಾಯಿಸುವ ಕಿಣ್ವಗಳನ್ನೂ ಸುರಿದು ನೇರವಾಗಿ ಕೊಲ್ಲಬಲ್ಲವು. ಈ ಕ್ರಮದಲ್ಲಿ ಎಷ್ಟೋ ಅಸಹಜ ಕೋಶಗಳು ಗಡ್ಡೆಯಾಗುವ ಮೊದಲೇ ನಾಶವಾಗುತ್ತವೆ ಎಂದು ನಾವು ಭಾವಿಸುತ್ತೇವೆ. ಆದರೆ ಈ ನಾಶವೇ ಒಂದು ಆಯ್ಕೆಯೂ ಹೌದು. ಸುಲಭವಾಗಿ ಸಿಕ್ಕಿಬೀಳುವ ಕೋಶಗಳು ಸಾಯುತ್ತವೆ. ಗುರುತಿನ ಪ್ರೋಟೀನುಗಳನ್ನು ಕಡಿಮೆ ಮಾಡಿಕೊಂಡವು, ದಾಳಿಯನ್ನು ತಡೆಯುವ ಅಣುಗಳನ್ನು ತಯಾರಿಸಬಲ್ಲವು ಉಳಿದುಕೊಂಡು ಹೆಚ್ಚುತ್ತವೆ. ನಾಶ, ಸಮತೋಲ, ಪಾರಾಗುವಿಕೆ ಎಂಬ ಈ ಮೂರು ಹಂತಗಳ ವಿವರಣೆಯನ್ನು ರಾಬರ್ಟ್ ಶ್ರೈಬರ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಮುಂದಿಟ್ಟರು. ಕೈಗೆ ಸಿಗುವಷ್ಟು ದೊಡ್ಡದಾದ ಗಡ್ಡೆ ಎಂದರೆ ಮೂರನೆಯ ಹಂತಕ್ಕೆ ಬಂದ ಗಡ್ಡೆ. ಅದು ದಾಳಿಯನ್ನು ಎದುರಿಸಿ ಉಳಿಯಲು ಕಲಿತಿರುತ್ತದೆ.

ಹೀಗೆ ಉಳಿಯುವ ದಾರಿಗಳಲ್ಲಿ ಒಂದು ನಿಮ್ಮ ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ್ದು. ಟಿ ಕೋಶಗಳ ಮೇಲೆ ಪಿಡಿ-1 ಎಂಬ ಅಣುವಿರುತ್ತದೆ. ಅದು ವಾಹನದ ಬ್ರೇಕ್‌ನಂತೆ ಕೆಲಸ ಮಾಡುತ್ತದೆ; ಸೋಂಕು ಮುಗಿದ ಮೇಲೂ ದಾಳಿ ಮುಂದುವರಿದು ಆರೋಗ್ಯವಾದ ಅಂಗಾಂಶಕ್ಕೆ ಹಾನಿಯಾಗದಿರಲೆಂದು ದೇಹವೇ ಇಟ್ಟುಕೊಂಡಿರುವ ವ್ಯವಸ್ಥೆ ಅದು. ಟಿ ಕೋಶಗಳು ಗಡ್ಡೆಯೊಳಗೆ ಹೋರಾಡುವಾಗ ಇಂಟರ್‌ಫೆರಾನ್ ಗಾಮಾ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ಅದಕ್ಕೆ ಪ್ರತಿಯಾಗಿ ಕ್ಯಾನ್ಸರ್ ಕೋಶಗಳೂ ಸುತ್ತಲಿನ ಕೆಲವು ರಕ್ಷಕ ಕೋಶಗಳೂ ಪಿಡಿ-ಎಲ್1 ಎಂಬ ಅಣುವನ್ನು ಮೇಲ್ಮೈಗೆ ತರುತ್ತವೆ. ಅದು ಪಿಡಿ-1ಕ್ಕೆ ಅಂಟಿಕೊಂಡೊಡನೆ ಬ್ರೇಕ್ ಬೀಳುತ್ತದೆ. ಅಂದರೆ ಟಿ ಕೋಶಗಳ ಹೋರಾಟವೇ ತನ್ನನ್ನು ತಡೆಯುವ ಅಣುವನ್ನು ಕರೆತರುತ್ತದೆ. ಬಹಳ ಕಾಲ ಹೀಗೇ ನಡೆದರೆ ಟಿ ಕೋಶಗಳು ಗಡ್ಡೆಯೊಳಗೆ ಇದ್ದೂ ದಣಿದು ನಿಷ್ಕ್ರಿಯವಾಗುತ್ತವೆ. ನಿಮ್ಮ ಪ್ರಶ್ನೆಯಲ್ಲಿರುವ ಒಗಟಿಗೆ, ಅಂದರೆ ಕೋಶಗಳು ಇಷ್ಟಿದ್ದೂ ಗಡ್ಡೆ ಏಕೆ ಕರಗಲಿಲ್ಲ ಎಂಬುದಕ್ಕೆ, ಬಹುಮಟ್ಟಿನ ಉತ್ತರ ಇಲ್ಲಿದೆ. ಈ ತಡೆಯನ್ನು ತೆಗೆಯುವುದೇ ನಿಮಗೆ ಸೂಚಿಸಿರುವ ಇಮ್ಯುನೋಥೆರಪಿಯ ಕೆಲಸ. ಇಂಥ ಚಿಕಿತ್ಸೆಗೆ ದಾರಿ ಮಾಡಿದ ಸಂಶೋಧನೆಗಾಗಿ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಬಂದಿತು.

ಇನ್ನೊಂದು ಕಾರಣವೂ ಇದೆ, ಅದನ್ನು ರೋಗಿಗಳಿಗೆ ಹೇಳುವವರು ಕಡಿಮೆ. ರಕ್ಷಣಾ ವ್ಯವಸ್ಥೆಗೆ ಸೇರಿದ ಕೆಲವು ಕೋಶಗಳು ಗಡ್ಡೆಗೆ ಸಹಾಯ ಮಾಡುತ್ತವೆ. ಮ್ಯಾಕ್ರೋಫೇಜ್‌ಗಳನ್ನೇ ನೋಡಿ. ಸತ್ತ ಕೋಶಗಳನ್ನು ನುಂಗಿ ಸ್ವಚ್ಛಗೊಳಿಸುವುದು, ಗಾಯ ಮಾಗಿಸುವುದು, ಹೊಸ ರಕ್ತನಾಳ ಬೆಳೆಯಲು ನೆರವಾಗುವುದು ಅವುಗಳ ನಿತ್ಯದ ಕೆಲಸ. ಸ್ತನದ ಸಹಜ ಬೆಳವಣಿಗೆಯಲ್ಲೂ, ಹಾಲೂಡಿಸುವುದು ನಿಂತ ಮೇಲೆ ಸ್ತನದ ಅಂಗಾಂಶ ಮೊದಲಿನ ಸ್ಥಿತಿಗೆ ಮರಳುವುದರಲ್ಲೂ ಅವುಗಳ ಪಾತ್ರವಿದೆ. ಗಡ್ಡೆಯು ರಾಸಾಯನಿಕ ಸಂಕೇತಗಳನ್ನು ಕಳುಹಿಸಿ ಅವುಗಳನ್ನು ಸೆಳೆದುಕೊಂಡು, ಈ ದುರಸ್ತಿ ಕೆಲಸವನ್ನು ತನಗಾಗಿ ಮಾಡಿಸಿಕೊಳ್ಳುತ್ತದೆ. ಮ್ಯಾಕ್ರೋಫೇಜ್‌ಗಳ ಬೆಳವಣಿಗೆಗೆ ಬೇಕಾದ ಒಂದು ಅಂಶವನ್ನು ಇಲ್ಲವಾಗಿಸಿದ ಇಲಿಗಳಲ್ಲಿ ಸ್ತನದ ಗಡ್ಡೆಗಳು ಹುಟ್ಟಿದರೂ ಅವು ಉಲ್ಬಣಿಸುವುದು ನಿಧಾನವಾಯಿತು, ಶ್ವಾಸಕೋಶಕ್ಕೆ ಹರಡುವುದು ತೀರ ಕಡಿಮೆಯಾಯಿತು ಎಂದು ಜೆಫ್ರಿ ಪೊಲಾರ್ಡ್ ಅವರ ತಂಡ 2001ರಲ್ಲಿ ತೋರಿಸಿತು. ಕ್ಯಾನ್ಸರ್ ಕೋಶಗಳು ರಕ್ತನಾಳದೊಳಗೆ ನುಸುಳುವ ಜಾಗಗಳಲ್ಲಿ ಮ್ಯಾಕ್ರೋಫೇಜ್‌ಗಳು ಜೊತೆಗೂಡಿರುವುದು ಮನುಷ್ಯರ ಗಡ್ಡೆಗಳಲ್ಲೂ ಕಂಡುಬಂದಿದೆ. ಟಿ ಕೋಶಗಳಲ್ಲೂ ನಿಯಂತ್ರಕ ಟಿ ಕೋಶಗಳೆಂಬ ಒಂದು ವರ್ಗವಿದೆ. ದೇಹವು ತನ್ನ ಮೇಲೆ ತಾನೇ ದಾಳಿ ಮಾಡದಂತೆ ಕಾಯುವುದು ಅವುಗಳ ಕೆಲಸ. ಅವುಗಳ ಕುರಿತ ಸಂಶೋಧನೆಗೆ 2025ರ ವೈದ್ಯಕೀಯ ನೊಬೆಲ್ ದೊರೆತಿದೆ. ಆರೋಗ್ಯವಂತರಿಗೆ ಅನಿವಾರ್ಯವಾದ ಇದೇ ಕೋಶಗಳು ಗಡ್ಡೆಯೊಳಗೆ ಸೇರಿಕೊಂಡರೆ ಕೊಲ್ಲುವ ಟಿ ಕೋಶಗಳನ್ನು ತಡೆದು ಹಿಡಿಯುತ್ತವೆ. ನಿಮ್ಮ ವರದಿಯ ಅಂಕಿ ಈ ಭೇದಗಳನ್ನು ತೋರಿಸುವುದಿಲ್ಲ. ಸಾಮಾನ್ಯ ಬಣ್ಣದಲ್ಲಿ ಸಿಡಿ8 ಕೋಶವೂ ನಿಯಂತ್ರಕ ಕೋಶವೂ ಒಂದೇ ರೀತಿ ಕಾಣುತ್ತವೆ. ಮ್ಯಾಕ್ರೋಫೇಜ್‌ಗಳಂತೂ ಆ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟೆಲ್ಲ ಮಿತಿಗಳಿದ್ದೂ ಆ ಅಂಕಿಗೆ ಬೆಲೆಯಿದೆ. ಸೂಕ್ಷ್ಮದರ್ಶಕದಲ್ಲಿ ಬಹಳ ಉಗ್ರವಾಗಿ ಕಾಣುತ್ತಿದ್ದರೂ ಲಿಂಫೋಸೈಟ್‌ಗಳಿಂದ ತುಂಬಿರುವ ಮೆಡ್ಯುಲರಿ ಎಂಬ ಬಗೆಯ ಸ್ತನ ಕ್ಯಾನ್ಸರ್ ಇರುವವರು ನಿರೀಕ್ಷೆಗಿಂತ ಚೆನ್ನಾಗಿ ಗುಣಮುಖರಾಗುವುದನ್ನು ಪೆಥಾಲಜಿಸ್ಟರು ಕಳೆದ ಶತಮಾನದ ನಡುಭಾಗದಲ್ಲೇ ಗಮನಿಸಿದ್ದರು. ಶಸ್ತ್ರಚಿಕಿತ್ಸೆಗೆ ಮೊದಲೇ ಕೀಮೊ ಪಡೆದ 3,771 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಜರ್ಮನಿಯ ವಿಶ್ಲೇಷಣೆಯೊಂದು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ಟ್ರಿಪಲ್ ನೆಗೆಟಿವ್ ರೋಗವಿದ್ದು ಟಿಐಎಲ್ ಶೇ. 10ರವರೆಗೆ ಮಾತ್ರ ಇದ್ದವರಲ್ಲಿ ಶೇ. 31 ಮಂದಿಗೆ ಕೀಮೊ ನಂತರ ಗಡ್ಡೆ ಸಂಪೂರ್ಣ ಮಾಯವಾಗಿತ್ತು, ಶೇ. 60 ಅಥವಾ ಹೆಚ್ಚು ಇದ್ದವರಲ್ಲಿ ಈ ಪ್ರಮಾಣ ಶೇ. 50. ದೀರ್ಘಕಾಲದ ಬದುಕುಳಿಯುವಿಕೆಯೂ ಟಿಐಎಲ್ ಹೆಚ್ಚಿದ್ದವರಲ್ಲಿ ಉತ್ತಮವಾಗಿತ್ತು. ನಿಮ್ಮ ವೈದ್ಯರು ‘ಒಳ್ಳೆಯ ಲಕ್ಷಣ’ ಎಂದದ್ದು ಈ ಅರ್ಥದಲ್ಲಿ, ಮತ್ತು ಅದು ನಿಮಗೆ ಧೈರ್ಯ ಕೊಡಬೇಕಾದ ಮಾತೇ. ಆದರೆ ಇದೇ ಅಂಕಿಗಳನ್ನು ತಿರುಗಿಸಿ ನೋಡಿ: ಟಿಐಎಲ್ ಹೆಚ್ಚಿದ್ದವರಲ್ಲೂ ಅರ್ಧದಷ್ಟು ಮಂದಿಯಲ್ಲಿ ಕೀಮೊ ಒಂದರಿಂದಲೇ ಗಡ್ಡೆ ಪೂರ್ತಿ ಹೋಗಲಿಲ್ಲ, ಕಡಿಮೆ ಇದ್ದವರಲ್ಲೂ ಮೂರರಲ್ಲಿ ಒಬ್ಬರಿಗೆ ಹೋಯಿತು. ಗುಂಪಿನ ಸರಾಸರಿಯಿಂದ ಒಬ್ಬ ವ್ಯಕ್ತಿಯ ಭವಿಷ್ಯವನ್ನು ಓದಲಾಗದು.

ನಿಮ್ಮ ಚಿಕ್ಕಮ್ಮನ ಶೇ. 5ರ ಬಗ್ಗೆ ನಿಮ್ಮ ಮನೆಯಲ್ಲಿ ಯಾರಿಗೂ ಚಿಂತೆ ಬೇಡ. ಹಾರ್ಮೋನ್ ಪಾಸಿಟಿವ್ ಗಡ್ಡೆಗಳಲ್ಲಿ ವಂಶವಾಹಿ ಬದಲಾವಣೆಗಳು ಸಾಮಾನ್ಯವಾಗಿ ಕಡಿಮೆ, ಆದ್ದರಿಂದ ಟಿ ಕೋಶಗಳ ಕಣ್ಣಿಗೆ ಬೀಳುವ ಅಪರಿಚಿತ ಪ್ರೋಟೀನುಗಳೂ ಕಡಿಮೆ. ಅವುಗಳಲ್ಲಿ ಟಿಐಎಲ್ ಕಡಿಮೆ ಇರುವುದೇ ವಾಡಿಕೆ. ಆ ರೋಗದ ಭವಿಷ್ಯವನ್ನು ನಿರ್ಧರಿಸುವುದು ಹಾರ್ಮೋನ್ ಗ್ರಾಹಕಗಳು, ಗಡ್ಡೆಯ ಗಾತ್ರ ಮತ್ತು ದರ್ಜೆ, ದುಗ್ಧಗ್ರಂಥಿಗಳ ಸ್ಥಿತಿ, ಹಾರ್ಮೋನ್ ಚಿಕಿತ್ಸೆಗೆ ಸಿಗುವ ಸ್ಪಂದನೆ. ಗಮನಿಸಬೇಕಾದ ಸಂಗತಿಯೆಂದರೆ, ಅದೇ ಜರ್ಮನ್ ವಿಶ್ಲೇಷಣೆಯಲ್ಲಿ ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್ ರೋಗವಿದ್ದವರಲ್ಲಿ ಟಿಐಎಲ್ ಹೆಚ್ಚಿದ್ದಾಗ ಕೀಮೊಗೆ ಸ್ಪಂದನೆ ಚೆನ್ನಾಗಿದ್ದರೂ ಬದುಕುಳಿಯುವಿಕೆ ಕಡಿಮೆಯಾಗಿತ್ತು. ಒಂದೇ ಅಂಕಿ ಒಂದು ಬಗೆಯ ರೋಗದಲ್ಲಿ ಒಳ್ಳೆಯದನ್ನೂ ಇನ್ನೊಂದರಲ್ಲಿ ಬೇರೆಯದನ್ನೂ ಸೂಚಿಸುತ್ತದೆ. ಇಬ್ಬರು ರೋಗಿಗಳ ವರದಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಈಗ ಕೀಮೊ ವಿಷಯ. ಕೀಮೊ ನಂತರ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕೋಶಗಳು ಇಳಿಯುವುದು ನಿಜ. ಇಳಿಯುವವು ಮುಖ್ಯವಾಗಿ ನ್ಯೂಟ್ರೋಫಿಲ್‌ಗಳು. ಅಸ್ಥಿಮಜ್ಜೆಯಲ್ಲಿ ಅವು ವೇಗವಾಗಿ ತಯಾರಾಗುತ್ತಿರುವುದರಿಂದ ಪೆಟ್ಟು ಅವಕ್ಕೆ ಮೊದಲು ಬೀಳುತ್ತದೆ. ಬ್ಯಾಕ್ಟೀರಿಯಾ ಸೋಂಕನ್ನು ತಡೆಯುವುದು ಅವುಗಳ ಮುಖ್ಯ ಕೆಲಸವಾದ್ದರಿಂದ ಆ ದಿನಗಳಲ್ಲಿ ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಕೆಲವೇ ವಾರಗಳಲ್ಲಿ ಅವು ಮತ್ತೆ ತುಂಬಿಕೊಳ್ಳುತ್ತವೆ. ಲಿಂಫೋಸೈಟ್‌ಗಳೂ ಒಂದಷ್ಟು ಇಳಿಯುತ್ತವೆ, ನಿಜ. ಆದರೆ ಗಡ್ಡೆಯೊಳಗೆ ನಡೆಯುವುದನ್ನು ರಕ್ತದ ಎಣಿಕೆಯಿಂದ ಅಳೆಯಲಾಗದು. ಡಾಕ್ಸೊರುಬಿಸಿನ್‌ನಂಥ ಔಷಧಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವಾಗ ಆ ಕೋಶಗಳಿಂದ ಹೊರಬೀಳುವ ವಸ್ತುಗಳು ಡೆಂಡ್ರಿಟಿಕ್ ಕೋಶಗಳನ್ನು ಎಚ್ಚರಿಸಿ ಟಿ ಕೋಶಗಳಿಗೆ ಹೊಸ ಗುರಿಗಳನ್ನು ತೋರಿಸಿಕೊಡುತ್ತವೆ. ಟಿಐಎಲ್ ಹೆಚ್ಚಿದ್ದವರಲ್ಲಿ ಕೀಮೊ ಹೆಚ್ಚು ಫಲ ಕೊಡುವುದಕ್ಕೆ ಇದೂ ಒಂದು ಕಾರಣ ಎಂದು ತಿಳಿಯಲಾಗಿದೆ. ನಿಮ್ಮ ರಕ್ಷಕ ಕೋಶಗಳೂ ಕೀಮೊವೂ ಪರಸ್ಪರ ವಿರೋಧಿಗಳಲ್ಲ.

ಕೀಮೊ ಬಿಟ್ಟುಬಿಡಬಹುದೇ ಎಂಬ ಪ್ರಶ್ನೆಗೆ ನನ್ನ ಸ್ಪಷ್ಟ ಉತ್ತರ: ನಿಮ್ಮ ಸ್ಥಿತಿಯಲ್ಲಿ ಬೇಡ. ಈ ಪ್ರಶ್ನೆ ಅವಿವೇಕದ್ದಲ್ಲ, ಸಂಶೋಧಕರೂ ಅದನ್ನೇ ಕೇಳುತ್ತಿದ್ದಾರೆ. ಕೀಮೊ ಪಡೆಯದ ಟ್ರಿಪಲ್ ನೆಗೆಟಿವ್ ರೋಗಿಗಳ ಹಳೆಯ ದಾಖಲೆಗಳನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ಹಂತದ ರೋಗವಿದ್ದು ಟಿಐಎಲ್ ಶೇ. 50ಕ್ಕಿಂತ ಕಡಿಮೆಯಿಲ್ಲದವರಲ್ಲಿ ಐದು ವರ್ಷಗಳ ನಂತರವೂ ದೂರದ ಅಂಗಗಳಿಗೆ ಹರಡದೆ ಬದುಕಿದ್ದವರು ಶೇ. 94, ಟಿಐಎಲ್ ಶೇ. 30ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 78. ಗಮನ ಸೆಳೆಯುವ ಫಲಿತಾಂಶವೇ. ಆದರೆ ಮೊದಲ ಹಂತವೆಂದರೆ 2 ಸೆಂ.ಮೀ. ಮೀರದ, ದುಗ್ಧಗ್ರಂಥಿಗೆ ಹರಡದ ಗಡ್ಡೆ. ನಿಮ್ಮದು 2.8 ಸೆಂ.ಮೀ., ಒಂದು ಗ್ರಂಥಿಯಲ್ಲಿ ರೋಗವಿದೆ. ಅಂದರೆ ಎರಡನೆಯ ಹಂತ. ಹಿಂದಿನ ದಾಖಲೆಗಳನ್ನು ನೋಡಿ ಹೇಳಿದ ಮಾತಿಗೂ, ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿ ಹೇಳಿದ ಮಾತಿಗೂ ತೂಕದಲ್ಲಿ ವ್ಯತ್ಯಾಸವಿದೆ. ಇಮ್ಯುನೋಥೆರಪಿಯೊಂದನ್ನೇ ಕೊಡುವುದರ ಅನುಭವವೂ ಈವರೆಗೆ ಉತ್ತೇಜನಕಾರಿಯಾಗಿಲ್ಲ: ಬೇರೆ ಅಂಗಗಳಿಗೆ ಹರಡಿ, ಮೊದಲೇ ಕೀಮೊ ಪಡೆದಿದ್ದವರಲ್ಲಿ ಅದಕ್ಕೆ ಸ್ಪಂದಿಸಿದವರು ನೂರಕ್ಕೆ ಸುಮಾರು ಐವರು ಮಾತ್ರ. ಆರಂಭದ ಹಂತದಲ್ಲಿ, ಟಿಐಎಲ್ ಹೆಚ್ಚಿರುವವರಿಗೆ ಕೀಮೊ ಕಡಿಮೆ ಮಾಡಬಹುದೇ ಎಂಬ ಪರೀಕ್ಷೆಗಳು ನಡೆಯುತ್ತಿವೆ. ಅಂಥ ಪರೀಕ್ಷೆಯ ಹೊರಗೆ ಇದನ್ನು ಸ್ವಂತ ಪ್ರಯೋಗವಾಗಿ ಮಾಡಬಾರದು.

ನಿಮಗೆ ಸೂಚಿಸಿರುವ ಸಂಯುಕ್ತ ಚಿಕಿತ್ಸೆಯ ಆಧಾರ ಗಟ್ಟಿಯಾಗಿದೆ. ಎರಡು ಮತ್ತು ಮೂರನೆಯ ಹಂತದ ಟ್ರಿಪಲ್ ನೆಗೆಟಿವ್ ರೋಗವಿದ್ದ 1,174 ಮಂದಿ ಪಾಲ್ಗೊಂಡ ಕೀನೋಟ್-522 ಎಂಬ ಪರೀಕ್ಷೆಯಲ್ಲಿ ಎಲ್ಲರಿಗೂ ಪ್ಯಾಕ್ಲಿಟಾಕ್ಸೆಲ್, ಕಾರ್ಬೋಪ್ಲಾಟಿನ್, ನಂತರ ಡಾಕ್ಸೊರುಬಿಸಿನ್ ಅಥವಾ ಎಪಿರುಬಿಸಿನ್ ಜೊತೆ ಸೈಕ್ಲೋಫಾಸ್ಫಮೈಡ್ ಕೊಟ್ಟರು. ಒಂದು ಗುಂಪಿಗೆ ಜೊತೆಯಲ್ಲಿ ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್, ಇನ್ನೊಂದಕ್ಕೆ ಔಷಧವಿಲ್ಲದ ದ್ರಾವಣ. ಮೊದಲ ವಿಶ್ಲೇಷಣೆಯಲ್ಲಿ ಗಡ್ಡೆ ಪೂರ್ತಿ ಮಾಯವಾದವರು ಕ್ರಮವಾಗಿ ಶೇ. 64.8 ಮತ್ತು ಶೇ. 51.2. ಐದು ವರ್ಷಗಳ ನಂತರ ಬದುಕಿದ್ದವರು ಶೇ. 86.6 ಮತ್ತು ಶೇ. 81.7. ಈ ಕೊನೆಯ ವ್ಯತ್ಯಾಸವನ್ನು ನಾನು ರೋಗಿಗಳಿಗೆ ಹೀಗೆ ವಿವರಿಸುತ್ತೇನೆ: ನೂರು ಮಂದಿಗೆ ಈ ಔಷಧ ಕೊಟ್ಟರೆ ಐದು ವರ್ಷಗಳಲ್ಲಿ ಸುಮಾರು ಐದು ಜೀವಗಳು ಹೆಚ್ಚಾಗಿ ಉಳಿಯುತ್ತವೆ, ಎಂಬತ್ತಕ್ಕೂ ಹೆಚ್ಚು ಮಂದಿ ಅದಿಲ್ಲದೆಯೂ ಬದುಕಿರುತ್ತಿದ್ದರು. ಲಾಭ ದೊಡ್ಡದು, ಆದರೆ ಅದು ಯಾರಿಗೆ ದಕ್ಕುತ್ತದೆ ಎಂದು ಮೊದಲೇ ಹೇಳುವ ಪರೀಕ್ಷೆ ನಮ್ಮಲ್ಲಿಲ್ಲ. ಪಿಡಿ-ಎಲ್1 ಪರೀಕ್ಷೆಯೂ ಇಲ್ಲಿ ನೆರವಾಗುವುದಿಲ್ಲ. ರೋಗ ಬೇರೆ ಅಂಗಗಳಿಗೆ ಹರಡಿದಾಗ ಈ ಔಷಧ ಯಾರಿಗೆ ಎಂಬುದನ್ನು ಆ ಪರೀಕ್ಷೆ ನಿರ್ಧರಿಸುತ್ತದೆ. ನಿಮ್ಮಂಥ ಆರಂಭದ ಹಂತದಲ್ಲಿ ಪಿಡಿ-ಎಲ್1 ಇದ್ದವರಿಗೂ ಇಲ್ಲದವರಿಗೂ ಲಾಭ ಕಂಡಿದೆ. ಆದ್ದರಿಂದ ಆ ವರದಿ ‘ನೆಗೆಟಿವ್’ ಬಂದರೆ ಕುಗ್ಗಬೇಡಿ.

ಇನ್ನು ಅಪಾಯಗಳು. ತಡೆ ತೆಗೆದಾಗ ಟಿ ಕೋಶಗಳು ಗಡ್ಡೆಯ ಮೇಲೆ ಮಾತ್ರ ಎರಗುತ್ತವೆ ಎಂಬ ಖಾತರಿಯಿಲ್ಲ. ಕೀನೋಟ್-522 ಪರೀಕ್ಷೆಯಲ್ಲಿ ಪೆಂಬ್ರೊಲಿಜುಮ್ಯಾಬ್ ಪಡೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದವರಿಗೆ ಈ ಬಗೆಯ ಅಡ್ಡಪರಿಣಾಮ ಒಂದಲ್ಲ ಒಂದು ಮಟ್ಟದಲ್ಲಿ ಕಂಡಿತು. ಅತಿ ಸಾಮಾನ್ಯವಾದದ್ದು ಥೈರಾಯ್ಡ್ ಗ್ರಂಥಿಯ ತೊಂದರೆ, ಸುಮಾರು ಶೇ. 15 ಮಂದಿಗೆ ಹೈಪೋಥೈರಾಯ್ಡ್ ಬಂದಿತು. ಅಡ್ರಿನಲ್ ಗ್ರಂಥಿ ಕೆಲಸ ನಿಲ್ಲಿಸುವುದು ನೂರರಲ್ಲಿ ಇಬ್ಬರು ಮೂವರಿಗೆ ಆಗುತ್ತದೆ, ಆದರೆ ನನಗೆ ಹೆಚ್ಚು ಭಯವಿರುವುದು ಅದರ ಬಗ್ಗೆಯೇ. ಅತಿಯಾದ ಸುಸ್ತು, ವಾಂತಿ, ಎದ್ದು ನಿಂತರೆ ತಲೆ ಸುತ್ತುವುದು ಇವೆಲ್ಲ ಅದರ ಲಕ್ಷಣಗಳು. ಕೀಮೊದಿಂದಲೂ ಇವೇ ಆಗುವುದರಿಂದ ‘ಇದು ಇದ್ದದ್ದೇ’ ಎಂದು ಕಡೆಗಣಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಕಾರ್ಟಿಸೋಲ್ ಎಂಬ ಒಂದು ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ, ಮಾತ್ರೆಗಳಿಂದ ನಿಭಾಯಿಸಬಹುದು, ಆದರೆ ಸಾಮಾನ್ಯವಾಗಿ ಜೀವನಪೂರ್ತಿ ಆ ಮಾತ್ರೆ ಬೇಕು. ಶ್ವಾಸಕೋಶದ ಉರಿಯೂತದಿಂದ ಒಣಕೆಮ್ಮು, ಏದುಸಿರು, ಕರುಳಿನ ಉರಿಯೂತದಿಂದ ನಿಲ್ಲದ ಭೇದಿ, ಯಕೃತ್ತಿನ ಉರಿಯೂತ, ಹಠಾತ್ತನೆ ವಿಪರೀತ ಬಾಯಾರಿಕೆಯೊಂದಿಗೆ ಕಾಣಿಸಿಕೊಳ್ಳುವ ಟೈಪ್-1 ಮಧುಮೇಹ, ಅಪರೂಪವಾಗಿ ಹೃದಯದ ಸ್ನಾಯುವಿನ ಉರಿಯೂತ, ಇವೂ ಸಾಧ್ಯ. ಬಹುಪಾಲು ಉರಿಯೂತಗಳು ಬೇಗ ಗುರುತಿಸಿ ಸ್ಟೀರಾಯ್ಡ್ ಕೊಟ್ಟರೆ ತಗ್ಗುತ್ತವೆ. ಇವು ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಬರಬಹುದು. ಹಾಗಾಗಿ ಮುಂದೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಇಮ್ಯುನೋಥೆರಪಿ ಪಡೆದಿದ್ದೇನೆ ಎಂಬುದನ್ನು ಮೊದಲು ತಿಳಿಸಿ.

ನಿಮ್ಮ ಹೈಪೋಥೈರಾಯ್ಡ್ ಈ ಚಿಕಿತ್ಸೆಗೆ ಅಡ್ಡಿಯಲ್ಲ. ಥೈರಾಕ್ಸಿನ್‌ನಿಂದ ಹತೋಟಿಯಲ್ಲಿರುವ ರೋಗಿಗಳಿಗೆ ಇದನ್ನು ಕೊಡುವುದು ರೂಢಿಯಲ್ಲಿದೆ. ಮಾತ್ರೆಯ ಪ್ರಮಾಣ ಹೆಚ್ಚಿಸಬೇಕಾಗಬಹುದು, ಅಷ್ಟೆ. ಸಂಧಿವಾತ, ಲೂಪಸ್, ಕರುಳಿನ ದೀರ್ಘಕಾಲದ ಉರಿಯೂತ ಇದ್ದವರಲ್ಲಿ ಹಳೆಯ ರೋಗ ಕೆರಳುವ ಸಾಧ್ಯತೆ ಹೆಚ್ಚು, ಅಲ್ಲಿ ಲೆಕ್ಕಾಚಾರವೇ ಬೇರೆ. ಅಂಗಾಂಗ ಕಸಿ ಆದವರಿಗೆ ಇನ್ನೂ ಕಷ್ಟ. ಮೊದಲ ಡೋಸ್‌ಗೆ ಮುನ್ನ ಥೈರಾಯ್ಡ್, ಕಾರ್ಟಿಸೋಲ್, ಯಕೃತ್ತು ಮತ್ತು ಸಕ್ಕರೆಯ ಪರೀಕ್ಷೆಗಳೂ ಇಸಿಜಿಯೂ ಆಗಿವೆಯೇ ಎಂದು ಕೇಳಿ ತಿಳಿದುಕೊಳ್ಳಿ. ಮುಂದೆ ಏನಾದರೂ ಬದಲಾದರೆ ಹೋಲಿಸಿ ನೋಡಲು ಅವು ಬೇಕು. ಈ ಚಿಕಿತ್ಸೆಯ ವೆಚ್ಚ ಹೆಚ್ಚು, ಶಸ್ತ್ರಚಿಕಿತ್ಸೆಗೆ ಮೊದಲು ಎಂಟು, ನಂತರ ಒಂಬತ್ತು ಡೋಸ್‌ಗಳು ಸೇರಿ ಒಂದು ವರ್ಷ ಹಿಡಿಯುತ್ತದೆ. ಹಣದ ವಿಚಾರವನ್ನು ವೈದ್ಯರೊಡನೆ ಮಾತನಾಡಲು ಸಂಕೋಚ ಬೇಡ. ಅದನ್ನು ಭರಿಸಲಾಗದಿದ್ದರೆ ಕೀಮೊ, ಶಸ್ತ್ರಚಿಕಿತ್ಸೆ, ರೇಡಿಯೇಷನ್‌ಗಳಿಂದಲೇ ಗುಣವಾಗುವ ಸಾಧ್ಯತೆಯೂ ಗಣನೀಯವಾಗಿದೆ. ಮೇಲಿನ ಅಂಕಿಗಳೇ ಅದನ್ನು ಹೇಳುತ್ತವೆ.

ಮನೆಯಲ್ಲಿ ತಂದಿಟ್ಟಿರುವ ಮಾತ್ರೆ, ಪುಡಿಗಳನ್ನು ದಯವಿಟ್ಟು ಪಕ್ಕಕ್ಕಿಡಿ. ಅವನ್ನು ತಂದವರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಆದರೆ ಸಿಡಿ8 ಕೋಶಗಳನ್ನು ಮಾತ್ರ ಹುರಿದುಂಬಿಸಿ, ನಿಯಂತ್ರಕ ಕೋಶಗಳನ್ನೂ ಗಡ್ಡೆಯ ಪರ ನಿಂತ ಮ್ಯಾಕ್ರೋಫೇಜ್‌ಗಳನ್ನೂ ಹಾಗೆಯೇ ಬಿಡುವ ಪುಡಿಯಾವುದೂ ಇಲ್ಲ. ಸ್ತನ ಕ್ಯಾನ್ಸರ್‌ಗೆ ಕೀಮೊ ಪಡೆಯುತ್ತಿದ್ದವರನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆ ಅವಧಿಯಲ್ಲಿ ಎ, ಸಿ, ಇ ವಿಟಮಿನ್‌ಗಳಂಥ ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ತೆಗೆದುಕೊಂಡವರಲ್ಲಿ ರೋಗ ಮರುಕಳಿಸುವುದು ಹೆಚ್ಚಾಗಿರಬಹುದು ಎಂಬ ಸೂಚನೆ ಸಿಕ್ಕಿತು. ಇದು ಅಂತಿಮ ತೀರ್ಪಲ್ಲ, ಆದರೆ ಎಚ್ಚರಕ್ಕೆ ಸಾಕು. ಇಮ್ಯುನೋಥೆರಪಿ ಪಡೆಯುವಾಗ ಇನ್ನೊಂದು ತೊಡಕಿದೆ: ಯಕೃತ್ತಿನ ಪರೀಕ್ಷೆ ಏರಿದರೆ ಕಾರಣ ಔಷಧವೋ ಪುಡಿಯೋ ತಿಳಿಯದೆ, ಉಪಯುಕ್ತವಾದ ಔಷಧವನ್ನೇ ನಿಲ್ಲಿಸಬೇಕಾಗುತ್ತದೆ. ಕೊರತೆಯಿದೆ ಎಂದು ಪರೀಕ್ಷೆಯಲ್ಲಿ ಕಂಡ ವಿಟಮಿನ್ ಅನ್ನು ವೈದ್ಯರು ಬರೆದುಕೊಟ್ಟರೆ ತೆಗೆದುಕೊಳ್ಳಿ. ಸಾಕಷ್ಟು ಪ್ರೋಟೀನ್ ಇರುವ ಊಟ, ಶಕ್ತಿಯಿದ್ದಷ್ಟು ನಡಿಗೆ, ಕೀಮೊಗೆ ಮೊದಲು ಫ್ಲೂ ಲಸಿಕೆ ಇವು ನಿಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಚಿಕಿತ್ಸೆಯ ನಡುವೆ ಜೀವಂತ ವೈರಸ್ ಇರುವ ಲಸಿಕೆಗಳು ಮಾತ್ರ ಬೇಡ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗಾಂಶದ ವರದಿ ನಿಮ್ಮ ಪಾಲಿಗೆ ಟಿಐಎಲ್ ಅಂಕಿಗಿಂತ ಮುಖ್ಯವಾಗುತ್ತದೆ. ಸ್ತನದಲ್ಲೂ ಗ್ರಂಥಿಗಳಲ್ಲೂ ಕ್ಯಾನ್ಸರ್ ಉಳಿದಿಲ್ಲವೆಂದಾದರೆ ಮುಂದಿನ ದಾರಿ ಬಹಳ ಆಶಾದಾಯಕ. ಉಳಿದಿದ್ದರೆ ಪೆಂಬ್ರೊಲಿಜುಮ್ಯಾಬ್ ಮುಂದುವರಿಸುವುದರ ಜೊತೆಗೆ ಕೆಪೆಸಿಟಾಬೈನ್ ಎಂಬ ಮಾತ್ರೆಯನ್ನೋ, ಬಿಆರ್‌ಸಿಎ ವಂಶವಾಹಿಯಲ್ಲಿ ದೋಷವಿದ್ದರೆ (ಈ ದೋಷ ಸ್ತನ ಕ್ಯಾನ್ಸರ್‌ನ ಅಪಾಯ ಹೆಚ್ಚಿಸುತ್ತದೆ, ಕುಟುಂಬದಲ್ಲಿ ಹರಿದುಬರಬಲ್ಲದು) ಒಲಾಪರಿಬ್ ಎಂಬ ಔಷಧವನ್ನೋ ಪರಿಗಣಿಸುತ್ತಾರೆ. ಇಲ್ಲಿ ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ಈ ವಯಸ್ಸಿನಲ್ಲಿ ಟ್ರಿಪಲ್ ನೆಗೆಟಿವ್ ರೋಗ ಬಂದವರೆಲ್ಲರಿಗೂ, ಕುಟುಂಬದಲ್ಲಿ ಬೇರೆಯವರಿಗೆ ಬಂದಿರಲಿ ಬಿಡಲಿ, ಬಿಆರ್‌ಸಿಎ ಪರೀಕ್ಷೆ ಆಗಬೇಕು. ಅದರ ಫಲಿತಾಂಶದಿಂದ ಔಷಧದ ಆಯ್ಕೆ ಬದಲಾಗಬಹುದು, ಯಾವ ಶಸ್ತ್ರಚಿಕಿತ್ಸೆ ಎಂಬುದೂ ಬದಲಾಗಬಹುದು, ನಿಮ್ಮ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಮುಖ್ಯ. ವರದಿ ಬರಲು ಕೆಲವು ವಾರಗಳು ಬೇಕಾಗುವುದರಿಂದ ಕೀಮೊ ಆರಂಭವಾಗುವ ಹೊತ್ತಿಗೇ ರಕ್ತದ ಮಾದರಿ ಕೊಟ್ಟುಬಿಡಿ. ಶಸ್ತ್ರಚಿಕಿತ್ಸೆಯ ಬಗ್ಗೆ ತೀರ್ಮಾನಿಸುವಾಗ ಅದು ನಿಮ್ಮ ಕೈಯಲ್ಲಿರಬೇಕು.